ಸೂಜಿ ಚುಚ್ಚಿದರೆ ಬೆರಳು ಹಿಂಡಿ ರಕ್ತ ತೆಗೆಯಬೇಕೇ? ಆಸ್ಪತ್ರೆ ಸಿಬ್ಬಂದಿ ತಿಳಿದಿರಬೇಕಾದ ಸಂಗತಿಗಳು

ಹಾಸನದ ಹಿಮ್ಸ್ ಬೋಧಕ ಆಸ್ಪತ್ರೆಯಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಗಳಿರಲಿ, ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಹಲವು ರೋಗಿಗಳಿಗೆ ಇಂಜೆಕ್ಷನ್ ಕೊಡಬೇಕಾಗುತ್ತದೆ. ಆ ಗಡಿಬಿಡಿಯಲ್ಲಿ ಬಳಸಿದ ಸೂಜಿ ಬೆರಳಿಗೆ ಚುಚ್ಚುವುದುಂಟು. ಆಗ ಸುತ್ತಲಿನವರು ತಲೆಗೊಂದು ಸಲಹೆ ಕೊಡುತ್ತಾರೆ. ಅವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನಾವು ಇಲ್ಲಿ ನೋಡೋಣ.

ಬೆರಳು ಹಿಂಡಿ ರಕ್ತ ತೆಗೆದರೆ ಸೋಂಕು ಹೋಗುತ್ತದೆಯೇ?

ಇಲ್ಲ. ಹಿಂಡುವುದರಿಂದ, ಬಾಯಿಗಿಟ್ಟು ಚೀಪುವುದರಿಂದ ಪ್ರಯೋಜನವಿಲ್ಲ. ಸ್ಪಿರಿಟ್, ಬ್ಲೀಚಿಂಗ್ ದ್ರಾವಣ ಸುರಿದರೆ ಚರ್ಮಕ್ಕೆ ಇನ್ನಷ್ಟು ಹಾನಿ. ಕೈಗವಸು ತೆಗೆದು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ರಕ್ತ ಸಿಡಿದಿದ್ದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ.

ಸೂಜಿ ಚುಚ್ಚಿದರೆ ಎಚ್‌ಐವಿ ಖಚಿತವೇ?

ಖಂಡಿತ ಅಲ್ಲ. ಎಚ್‌ಐವಿ ಇರುವ ರೋಗಿಗೆ ಬಳಸಿದ ಸೂಜಿ ಸಾವಿರ ಮಂದಿಗೆ ಚುಚ್ಚಿದರೆ ಸುಮಾರು 3 ಮಂದಿಗೆ ಸೋಂಕು ತಗಲಬಹುದು. ಹೆಪಟೈಟಿಸ್ ಬಿ ಇದಕ್ಕಿಂತ ಅಪಾಯಕಾರಿ: ಲಸಿಕೆ ಪಡೆಯದ ನೂರು ಜನರಲ್ಲಿ 6ರಿಂದ 30 ಮಂದಿಗೆ ತಗಲಬಹುದು. ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ 7 ದಿನ ಉಳಿಯಬಲ್ಲದು. ಹೆಪಟೈಟಿಸ್ ಸಿ ತಡೆಯಲು ಲಸಿಕೆ ಇಲ್ಲ, ಆದರೆ ಬೇಗ ಪತ್ತೆಯಾದರೆ ಮಾತ್ರೆಗಳಿಂದ ಗುಣಪಡಿಸಬಹುದು.

ರೋಗಿ ನೋಡಲು ಆರೋಗ್ಯವಾಗಿದ್ದಾರೆ, ಹೇಳಬೇಕೇ?

ಹೇಳಲೇಬೇಕು. ಈ ಮೂರೂ ಸೋಂಕುಗಳು ವರ್ಷಗಟ್ಟಲೆ ಲಕ್ಷಣವಿಲ್ಲದೆ ಇರಬಹುದು. "ಬೈಯುತ್ತಾರೆ" ಎಂದು ಮುಚ್ಚಿಟ್ಟರೆ ಕಳೆದುಹೋಗುವುದು ಸಮಯ. ಎಚ್‌ಐವಿ ತಡೆಯುವ ಔಷಧಿಯನ್ನು (ಪಿಇಪಿ) ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೂ 72 ಗಂಟೆಯೊಳಗೆ ಶುರುಮಾಡಿ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಆಗದವರಿಗೆ ಲಸಿಕೆ, ಅಗತ್ಯವಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಸಾಧ್ಯವಾದಷ್ಟು 24 ಗಂಟೆಯೊಳಗೆ ಸಿಗಬೇಕು. ಔಷಧಿ ಬೇಕೋ ಬೇಡವೋ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಚುಚ್ಚದಂತೆ ತಡೆಯುವುದು ಹೇಗೆ?

• ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಅನಿವಾರ್ಯವಾದರೆ ಕ್ಯಾಪನ್ನು ಟ್ರೇ ಮೇಲಿಟ್ಟು ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ.
• ನೀಡಲ್ ಕಟ್ಟರ್ ಮತ್ತು ಚುಚ್ಚಿ ಹರಿಯದ ಬಿಳಿ ಡಬ್ಬ ಕೈಗೆಟಕುವಷ್ಟು ಹತ್ತಿರವಿರಲಿ. ಡಬ್ಬ ಮುಕ್ಕಾಲು ತುಂಬಿದೊಡನೆ ಮುಚ್ಚಿ.
• ಸೂಜಿ, ಬ್ಲೇಡುಗಳನ್ನು ಹಳದಿ ಅಥವಾ ಕೆಂಪು ಚೀಲಕ್ಕೆ ಹಾಕಬೇಡಿ. ಆಮೇಲೆ ಚುಚ್ಚುವುದು ಚೀಲ ಎತ್ತುವ ಗ್ರೂಪ್ ಡಿ ಸಿಬ್ಬಂದಿಯ ಕೈಗೆ.
• ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ (0, 1, 6 ತಿಂಗಳು) ಮುಗಿಸಿ.
• ಕೈಗವಸು ಸೂಜಿಯನ್ನು ತಡೆಯದು, ಆದರೆ ಒಳಹೋಗುವ ರಕ್ತದ ಪ್ರಮಾಣ ತಗ್ಗಿಸುತ್ತದೆ. ಹಾಕಿಕೊಳ್ಳಿ.

ಇದು ಆಸ್ಪತ್ರೆಯ ಉಪಕಾರವೇ?

ಅಲ್ಲ, ನಿಮ್ಮ ಹಕ್ಕು. ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ಪಿಇಪಿ ಒದಗಿಸುವುದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯಂತೆ ಆಸ್ಪತ್ರೆಯ ಹೊಣೆ. ಗುತ್ತಿಗೆ ನೌಕರರಿಗೂ ಚುಚ್ಚುವುದು ಅದೇ ಸೂಜಿಯೇ. ಎಚ್‌ಐವಿ ಬಗ್ಗೆ ಮಾಹಿತಿಗೆ 1097 ಉಚಿತ ಸಹಾಯವಾಣಿ ಇದೆ.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರೂ ಗಮನಿಸಿ: ಸೂಜಿಯನ್ನು ಕಸದ ಬುಟ್ಟಿಗೆ ಎಸೆದರೆ ಅದು ಚುಚ್ಚುವುದು ಪೌರಕಾರ್ಮಿಕರಿಗೆ. ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಿ.

ನೆನಪಿಡಿ: ತೊಳೆಯಿರಿ, ತಿಳಿಸಿ, ತಡಮಾಡಬೇಡಿ. ನಿಮ್ಮ ಪರಿಚಯದ ಸಿಸ್ಟರ್‌ಗಳಿಗೆ, ಲ್ಯಾಬ್ ಮತ್ತು ಸ್ವಚ್ಛತಾ ಸಿಬ್ಬಂದಿಗೆ ಇದನ್ನು ಕಳುಹಿಸಿ.