ಕೆರೆಯ ಗುಳ್ಳೆ, ಕಡಲ ಗುಳ್ಳೆ

ಕಡೂರು ಸೀಮೆಯ ಚೌಳಹಿರಿಯೂರಿನ ಹೆಸರಿನಲ್ಲಿಯೇ ಉಪ್ಪಿನ ವಾಸನೆಯಿದೆ. ಚೌಳು ಎಂದರೆ ಉಪ್ಪುಂಡ ನೆಲ. ಕಡಲು ಮಾತ್ರ ಅಲ್ಲಿಂದ ಬಲು ದೂರ. ಬಾಲ್ಯದ ಬೇಸಗೆಗಳಲ್ಲಿ ಆ ಕಡೆಯ ಕೆರೆಯೊಂದರ ಕೆಸರಿಗೆ ಕೋಲು ಚುಚ್ಚಿ, ಬುಳುಬುಳು ಏಳುವ ಗುಳ್ಳೆಗಳನ್ನು ಎಣಿಸುವುದು ನಮಗೊಂದು ಆಟ. ಕೆರೆ ಉಸಿರು ಬಿಡುತ್ತಿದೆ ಎನ್ನುತ್ತಿದ್ದರು, ದನ ಕಾಯುವ ಹಿರಿಯರೊಬ್ಬರು. ಅದನ್ನು ಬಹುಕಾಲ ಕವಿಸಮಯವೆಂದೇ ಎಣಿಸಿದ್ದೆ.

ಈಚೆಗೆ ನನ್ನ ಹಳೆಯ ಶಿಷ್ಯರೊಬ್ಬರು ಪತ್ರ ಬರೆದರು: "ಮೇಷ್ಟ್ರೇ, ಕಡಲು ಕಾದರೆ ಅದರ ತಳದ ಮೀಥೇನ್ ಒಮ್ಮೆಗೇ ಮೇಲೆದ್ದು ಭೂಮಿ ಬೆಂದುಹೋಗುತ್ತದಂತೆ. ಮಗಳು ಇದನ್ನು ಓದಿ ನಿದ್ದೆಗೆಟ್ಟಿದ್ದಾಳೆ. ನಿಜವೆ?" ಕನ್ನಡ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ! ಆದರೂ ಹುಡುಗಿಯ ನಿದ್ದೆಯ ಮಾತು, ಓದಿ ತಿಳಿಯಬೇಕಾಯಿತು.

ಇಟಲಿಯ ವೋಲ್ಟಾ 1776ರಲ್ಲಿ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕಲಕಿ, ಎದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಿದ. ನಾವು ಹುಡುಗರು ಮಾಡಿದ್ದೂ ಬಹುಮಟ್ಟಿಗೆ ಅದೇ, ಸೀಸೆಯೊಂದು ನಮ್ಮಲ್ಲಿರಲಿಲ್ಲ. ಗಾಳಿ ಸುಳಿಯದ ಕೆಸರಿನಲ್ಲಿ ಸೊಪ್ಪುಸದೆ ಕೊಳೆಯುವಾಗ ಸೂಕ್ಷ್ಮಜೀವಿಗಳು ಹುಟ್ಟಿಸುವ ಅನಿಲ ಅದು. ಹಿತ್ತಲಿನ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ.

ಆಳದ ಕಡಲಿನಲ್ಲಿ ಚಳಿಯೂ ನೀರಿನ ಭಾರವೂ ಕೂಡಿದೆಡೆ ಈ ಅನಿಲ ಬೇರೆಯ ವೇಷ ತೊಡುತ್ತದೆ. ನೀರಿನ ಅಣುಗಳು ಪಂಜರ ಕಟ್ಟಿ ಮೀಥೇನನ್ನು ಒಳಗೆ ಕೂಡಿಹಾಕುತ್ತವೆ. ನೋಡಲು ಮಂಜುಗಡ್ಡೆ, ಕಡ್ಡಿ ಗೀರಿ ಹಿಡಿದರೆ ಉರಿಯುತ್ತದೆ. ಒಂದು ಅಳತೆ ಗಡ್ಡೆಯಲ್ಲಿ ಸುಮಾರು 160 ಅಳತೆ ಅನಿಲ ಅಡಗಿರುತ್ತದೆ. 1934ರಲ್ಲಿ ಅಮೆರಿಕದ ಹ್ಯಾಮರ್‌ಶ್ಮಿಟ್, ಅನಿಲದ ಕೊಳವೆಗಳು ಕಟ್ಟಿಕೊಳ್ಳುವುದಕ್ಕೆ ಇಂಥ ಗಡ್ಡೆಯೇ ಕಾರಣವೆಂದು ತೋರಿಸಿದ. ಕಡಲತಳದಲ್ಲಿ ಅದರ ಭಂಡಾರವೇ ಇದೆಯೆಂಬುದು ತಿಳಿದದ್ದು ಆಮೇಲೆ.

2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಭಾರತದ ಕಡಲುಗಳ ತಳವನ್ನು ಕೊರೆದು ನೋಡಿತು. ಕೇರಳ-ಕೊಂಕಣದ ಆಚೆ ಕೊರೆದಲ್ಲಿ ಗಡ್ಡೆ ಸಿಗಲಿಲ್ಲ. ಬಂಗಾಳ ಕೊಲ್ಲಿಯಲ್ಲಿ, ಕೃಷ್ಣಾ-ಗೋದಾವರಿಗಳು ಮಣ್ಣು ಸುರಿದ ತಾವಿನಲ್ಲಿ, ಒಂದೆಡೆ ಸುಮಾರು 130 ಮೀಟರ್ ದಪ್ಪಕ್ಕೆ ಸಿಕ್ಕಿತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಕುಳಿತೆ. ಕಡೂರು ಸೀಮೆಯ ನೀರು ವೇದಾವತಿಗೆ, ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಮುಗಿದು ಹಾದಿಗೆ ಅಡ್ಡ ಬರುವವರೆಗೆ ನಮ್ಮ ಸೀಮೆಯ ಕೆಸರೂ ಸಾವಿರಾರು ವರ್ಷ ಆ ಕಡಲಿಗೆ ಇಳಿದಿರಲೇಬೇಕು. ಕೆರೆಯ ಗುಳ್ಳೆಗೂ ಕಡಲ ಗಡ್ಡೆಗೂ ನಂಟಸ್ತಿಕೆ ಉಂಟು!

ಇನ್ನು ಹುಡುಗಿಯ ಭಯ. ಅದು ಬುಡವಿಲ್ಲದ್ದಲ್ಲ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಶಾಖ ಹಿಡಿಯುತ್ತದೆ. ಗಡ್ಡೆ ಬೆಚ್ಚಗಾದರೆ ಕರಗುವುದೂ ನಿಜ. 2008ರಲ್ಲಿ ಉತ್ತರ ಧ್ರುವದ ಬಳಿಯ ಸ್ವಾಲ್ಬಾರ್ಡ್ ದ್ವೀಪಗಳ ಕಡಲಿನಲ್ಲಿ 250ಕ್ಕೂ ಹೆಚ್ಚು ಗುಳ್ಳೆಗಳ ಕಂಬಗಳು ಕಂಡಾಗ ವಿಜ್ಞಾನಿಗಳೇ ಬೆಚ್ಚಿದರು. 2018ರಲ್ಲಿ ಬೇರೆ ಕಥೆ ಹೊರಬಿತ್ತು: ಅಲ್ಲಿ ಗಡ್ಡೆ ಕರಗತೊಡಗಿ ಸುಮಾರು 8,000 ವರ್ಷಗಳಾಗಿದ್ದವು. ಹಿಮದ ಹೊರೆ ಇಳಿದ ನೆಲ ಮೇಲೆದ್ದು, ಕಡಲತಳದ ಮೇಲಿನ ನೀರಿನ ಭಾರ ತಗ್ಗಿದ್ದೇ ಕಾರಣ. ಆರೋಪಿಯೇನೋ ಸಿಕ್ಕಿದ್ದ, ಈ ಅಪರಾಧ ಅವನದಾಗಿರಲಿಲ್ಲ.

ಆಳದ ಗಡ್ಡೆಗೆ ಮೇಲಿನ ಬಿಸಿ ಇಳಿಯಲು ಶತಮಾನಗಳೇ ಬೇಕು. ಬಿಡುಗಡೆಯಾದ ಅನಿಲದಲ್ಲಿ ಬಹುಪಾಲನ್ನು ಕೆಸರಿನ ಸೂಕ್ಷ್ಮಜೀವಿಗಳು ತಿಂದುಬಿಡುತ್ತವೆ. ಉಳಿದದ್ದು ನೀರಿನಲ್ಲೇ ಕರಗುತ್ತದೆ. ಒಮ್ಮೆಗೇ ಸ್ಫೋಟವೆಂಬುದು ಈ ಶತಮಾನದ ಮಾತಲ್ಲವೆಂಬುದೇ ತಜ್ಞರ ಬಹುಮತ.

ಹಾಗೆಂದು ಗಾಳಿಯ ಮೀಥೇನ್ ಏರದೆ ನಿಂತಿಲ್ಲ. ಯಂತ್ರಯುಗಕ್ಕೆ ಮುಂಚೆ ನೂರು ಕೋಟಿಗೆ ಸುಮಾರು 700 ಭಾಗವಿದ್ದದ್ದು ಈಗ 1,900ನ್ನು ದಾಟಿದೆ. ಅದು ಎದ್ದುಬರುತ್ತಿರುವುದು ಕಡಲತಳದಿಂದಲ್ಲ. ಜೌಗುನೆಲ, ದನದ ಕೊಟ್ಟಿಗೆ, ಬತ್ತದ ಗದ್ದೆ, ಕಸದ ರಾಶಿ, ಕಲ್ಲಿದ್ದಲ ಗಣಿ, ಎಣ್ಣೆ ಬಾವಿಗಳಿಂದ. ಕಡಲಿನ ಕಾವೂ ಸುಳ್ಳಲ್ಲ: 1901ರಿಂದ 2012ರೊಳಗೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೇಸಗೆಯಲ್ಲಿ ಸುಮಾರು 1.2 ಡಿಗ್ರಿ ಬೆಚ್ಚಗಾಯಿತು. ಮಳೆಯನ್ನೇ ನಂಬಿದ ಬಯಲುಸೀಮೆಯವನಿಗೆ ಗಡ್ಡೆಗಿಂತ ಇದೇ ಹೆಚ್ಚಿನ ಚಿಂತೆ.

ಇಷ್ಟನ್ನೂ ಶಿಷ್ಯರಿಗೆ ಬರೆದೆ. ಹುಡುಗಿ ತಾನೇ ಮರುಪತ್ರ ಹಾಕಿದ್ದಾಳೆ: "ಹಾಗಾದರೆ ತಾತ, ನಮ್ಮ ಕೊಟ್ಟಿಗೆಯ ಸಗಣಿ ತಿಪ್ಪೆಗೋ, ಗೋಬರ್ ಗ್ಯಾಸ್ ತೊಟ್ಟಿಗೋ?" ತೊಟ್ಟಿಗೇ ಹಾಕಿಸಮ್ಮ, ಆದರೆ ಅದು ಸೋರದ ಹಾಗೆ ನೋಡಿಕೊ ಎಂದು ಉತ್ತರಿಸಿದ್ದೇನೆ.