ವೈಟ್‌ಫೀಲ್ಡ್‌ಗಿಂತ ಮೊದಲು

ದೈವಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ವೈಟ್‌ಫೀಲ್ಡ್‌ನ ಚರಿತ್ರೆ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಡಿ.ಎಸ್. ವೈಟ್ ಅವರ ಸಂಘಕ್ಕೆ ಕೊಟ್ಟ 3,900 ಎಕರೆಯಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆ ಹುಟ್ಟಿತು. ಅದನ್ನು 'ಬರಿದಾದ ನೆಲದಲ್ಲಿ ವಾಗ್ದತ್ತ ದೇಶ' ಎಂದು ಬರೆದು ಮಾರ್ಗದರ್ಶಕರ ಮುಂದಿಟ್ಟೆ. ಅವರು ಕೇಳಿದ್ದು ಒಂದೇ: "ಕಾನಾನ್ ದೇಶದಲ್ಲಿ ಮೊದಲೇ ಜನರಿರಲಿಲ್ಲವೇ?"

ಮುಂದಿನ ಭೇಟಿಗೆ ಪುಟ ಹೆಚ್ಚಿಸಲಿಲ್ಲ. ಐಟಿ ಪಾರ್ಕಿನ ಮಗ್ಗುಲಲ್ಲಿರುವ ಪಟ್ಟಂದೂರು ಅಗ್ರಹಾರಕ್ಕೆ ಹೋದೆ. ರಾಜರಾಜ ವೇಳಾನ್ ಇಲ್ಲಿನ ಕೆರೆ ಕಟ್ಟಿಸಿದ ಸಂಗತಿ 1043ರ ತಮಿಳು ಶಾಸನದಲ್ಲಿದೆ. ವೈಟ್‌ಗಿಂತ 839 ವರ್ಷ ಮೊದಲು! ಕೆರೆಯಿದ್ದ ಮೇಲೆ ಉಳುವವರೂ ಇದ್ದಿರಲೇಬೇಕು.

ಈ ಸಲ ಒಯ್ದದ್ದು ಒಂದೇ ಹಾಳೆ. 'ಬರಿದಾದ' ಎಂಬ ಪದ ಹೊಡೆದು, ಪಕ್ಕದಲ್ಲಿ ಬರೆದಿದ್ದೆ: ವಾಗ್ದಾನ ಮಾಡಿದ ನೆಲ ಅದುವರೆಗೆ ಯಾರದಾಗಿತ್ತು?