ಮೀನಿನ ಸ್ಕೂಲಿಗೆ ಮೇಷ್ಟ್ರಿಲ್ಲ

ಹಸುಗಳಿದ್ದರೆ ಹರ್ಡ್, ಕುರಿಗಳಿದ್ದರೆ ಫ್ಲಾಕ್, ಮೀನಿದ್ದರೆ ಸ್ಕೂಲ್. ಕನ್ನಡ ಮೀಡಿಯಂನಲ್ಲಿ ಓದಿದ ನಾವು ಇದನ್ನ ಮಗ್ಗಿಯ ಹಾಗೆ ಉರು ಹೊಡೆದವರು. ಮೀನುಗಳು ಮಕ್ಕಳ ಥರ ಶಿಸ್ತಾಗಿ ಸಾಲುಗಟ್ಟಿ ಹೋಗ್ತವೆ, ಅದಕ್ಕೇ ಸ್ಕೂಲು ಅಂತ ವಿವರಿಸೋರೂ ಇದ್ದಾರೆ. ಕತೆ ಚೆನ್ನಾಗಿದೆ, ಆದ್ರೆ ನಿಜವಲ್ಲ.

ನಾವು ಓದಿದ ಸ್ಕೂಲು ಗ್ರೀಕಿನಿಂದ ಲ್ಯಾಟಿನ್ ದಾಟಿ ಬಂದದ್ದು. ಗ್ರೀಕಿನಲ್ಲಿ ಅದರ ಮೂಲ ಅರ್ಥ ಬಿಡುವು! (ಹೋಂವರ್ಕ್ ಬರೆದು ಕೈ ನೋಯಿಸಿಕೊಂಡವರು ನಗಬಹುದು.) ಮೀನಿನ ಸ್ಕೂಲು ಬೇರೆಯೇ ಮನೆತನ. ಅದು ಹಳೆಯ ಡಚ್ ಮಾತು, ಅರ್ಥ ಗುಂಪು, ದಂಡು. 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿತ್ತು. 'ಶೋಲ್' ಅನ್ನೋದೂ ಇದರ ದಾಯಾದಿಯೇ. ಉತ್ತರ ಸಮುದ್ರದ ಹೆರಿಂಗ್ ಮೀನಿಗೆ ಎರಡೂ ದಡದವರು ಬಲೆ ಬೀಸ್ತಿದ್ದರು. ಮಾತೂ ಹಾಗೇ ದಾಟಿರಬೇಕು. ಹೆರಿಂಗ್ ಅಂದ್ರೆ ಸಣ್ಣ ವಿಷಯವಲ್ಲ. ಲೆಂಟ್ ಉಪವಾಸದಲ್ಲಿ ಮಾಂಸ ನಿಷಿದ್ಧ, ಉಪ್ಪು ಹಾಕಿದ ಮೀನೇ ಗತಿ. 1429ರಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಹೆರಿಂಗ್ ಪೀಪಾಯಿ ಸಾಗಿಸುತ್ತಿದ್ದ ಗಾಡಿಗಳ ಮೇಲೆ ಫ್ರೆಂಚರು ಬಿದ್ದರು. ಆ ಕಾಳಗದ ಹೆಸರೇ 'ಹೆರಿಂಗ್ ಯುದ್ಧ'. ಕ್ರಿಕೆಟ್ಟಿನ 'ಸ್ಕಿಪ್ಪರ್', ಮ್ಯಾನೇಜರ್ ಕೇಳೋ ಸ್ಲೈಡ್ 'ಡೆಕ್' ಕೂಡ ಡಚ್ ಹಡಗು ಹತ್ತಿ ಬಂದ ಪದಗಳೇ ನೋಡಿ.

ಹಾಗಾದ್ರೆ ದುಡಿಯೋರ ಈ ಮಾತು ನಮ್ಮನ್ನ ಹೆದರಿಸೋ ಪಟ್ಟಿಗೆ ಹೇಗೆ ಸೇರಿತು? ಇಂಥ ಪಟ್ಟಿಗಳನ್ನ ಬೆಳೆಸಿದವರು ಬೇಟೆಯಾಡೋ ಕುಲೀನರು. 1486ರಲ್ಲಿ ಸೇಂಟ್ ಆಲ್ಬನ್ಸ್ ಊರಲ್ಲಿ ಒಂದು ಪುಸ್ತಕ ಅಚ್ಚಾಯ್ತು: ಗಿಡುಗ ಪಳಗಿಸೋದು, ಬೇಟೆ, ವಂಶಲಾಂಛನ. ಅದರೊಳಗೆ ಗುಂಪುಗಳ ಉದ್ದನೆಯ ಪಟ್ಟಿ. ಸಿಂಹಗಳ 'ಪ್ರೈಡ್' ಅಲ್ಲಿದೆ. ವಕೀಲರ ಗುಂಪಿಗೆ 'ವಾಗ್ಮಿತೆ', ನ್ಯಾಯಾಧೀಶರಿಗೆ 'ಶಿಕ್ಷೆ', ಸನ್ಯಾಸಿನಿಯರಿಗೆ 'ಅಗತ್ಯಕ್ಕಿಂತ ಹೆಚ್ಚು' ಅನ್ನೋ ಅರ್ಥದ ಪದ! ಅರ್ಧ ತಮಾಷೆ, ಅರ್ಧ ದೊಡ್ಡಸ್ತಿಕೆ. ಸರಿಯಾದ ಪದ ಗೊತ್ತಿದ್ದವನು ಒಳಗಿನವನು. ಆ ತಮಾಷೆ ಉದುರಿಹೋಗಿ ನಮ್ಮ ಪಾಲಿಗೆ ಎರಡು ಮಾರ್ಕಿನ ಪ್ರಶ್ನೆ ಉಳಿಯಿತು.

ಹತ್ತು ವರ್ಷದ ಮೇಲೆ, 1496ರಲ್ಲಿ, ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಅದನ್ನೇ ಮತ್ತೆ ಅಚ್ಚು ಹಾಕಿದಾಗ ಗಾಳ ಹಾಕೋದರ ಬಗ್ಗೆ ಒಂದು ಭಾಗ ಸೇರಿಸಿದ. ಬಿಡಿಯಾಗಿ ಸಣ್ಣ ಪುಸ್ತಕ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಅಂತ ಆ ಭಾಗದ ಕೊನೆಯಲ್ಲೇ ಇದೆ: ಅಗ್ಗಕ್ಕೆ ಸಿಕ್ಕಿದರೆ ಕೆಲಸವಿಲ್ಲದ ಜನರೆಲ್ಲ ಕೊಂಡು ಓದಿ ಮೀನು ಖಾಲಿ ಮಾಡಿಬಿಡ್ತಾರಂತೆ.